ತಲೆಹೊಟ್ಟು: ಎಣ್ಣೆ ಉಳಿಸ್ಕೊಂಡ್ವಿ, ತೊಳೆಯೋದು ಮರೆತ್ವಿ

ಈ ಸಲ ಅಡಿಕೆ ರೇಟು, ಗೊಬ್ಬರ ಯಾವುದೂ ಅಲ್ಲ, ತಲೆಹೊಟ್ಟಿನ ವಿಚಾರ. ನಗಬೇಡಿ. ಹೋದ ವರ್ಷ ಪೂರ್ತಿ ನಾನು ಅನುಭವಿಸಿದ್ದು.

ಬೇಸಿಗೆಯಲ್ಲಿ ಶಿವಮೊಗ್ಗದಲ್ಲಿ ನೆಂಟರ ಮದುವೆ. ನನ್ನ ಹೆಗಲ ಮೇಲೆ ಬಿಳಿ ಹೊಟ್ಟು ಉದುರಿದ್ದನ್ನ ಮಗಳು ಯಾರಿಗೂ ಕಾಣದ ಹಾಗೆ ಒರೆಸಿದಳು. ನಾಚಿಕೆ ಆಯ್ತು. ಮನೆಗೆ ಬಂದವನೇ ದಿನಾ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗೋಕೆ ಶುರು ಮಾಡಿದೆ. ತಿಂಗಳಲ್ಲಿ ಹೊಟ್ಟು ಡಬಲ್ ಆಯ್ತು. ನಿಂಬೆಹಣ್ಣು ತಿಕ್ಕಿ ಬಿಸಿಲಲ್ಲಿ ತೋಟಕ್ಕೆ ಹೋದೆ, ಹಣೆ ಮೇಲೆ ಸುಟ್ಟ ಕಲೆ ಬಿತ್ತು. ಕೊನೆಗೆ ಮಳೆಗಾಲದಲ್ಲಿ ಯಾರೋ "ಅದೂ ಒಂದು ಶಿಲೀಂಧ್ರ ಕಣೋ" ಅಂದ್ರು. ಅಡಿಕೆಗೆ ಹೊಡೆದು ಉಳಿದಿದ್ದ ಬೋರ್ಡೋ ದ್ರಾವಣವನ್ನ ತಲೆಗೆ ಸವರಿಕೊಂಡೆ. ಮೈಲುತುತ್ತ, ಸುಣ್ಣ ಎರಡೂ ಸೇರಿ ಚರ್ಮ ಉರಿದು ನೀರಾಡಿತು. ಭದ್ರಾವತಿಯಲ್ಲಿ ಚರ್ಮದ ಡಾಕ್ಟರ ಹತ್ರ ಹೋಗಿ ಬೈಸಿಕೊಂಡೆ. ಆಮೇಲೆ ಕೂತು ಯೋಚನೆ ಮಾಡಿದೆ: ನಮ್ಮ ಹಿರಿಯರೂ ಎಣ್ಣೆ ಹಚ್ಚುತ್ತಿದ್ರಲ್ಲ, ನಾವು ತಪ್ಪಿದ್ದೆಲ್ಲಿ?

ನಮ್ಮಜ್ಜಿ ಕಾಲದ ಕ್ರಮ ನೆನಪು ಮಾಡಿಕೊಳ್ಳಿ. ಗಂಡಸರಿಗೆ ಶನಿವಾರ, ಹೆಂಗಸರಿಗೆ ಶುಕ್ರವಾರ. ಎಣ್ಣೆ ತಿಕ್ಕಿ ಒಂದು ಗಂಟೆ ಕೂರಿಸೋರು, ಅಷ್ಟೇ. ಆಮೇಲೆ ಹಂಡೆ ನೀರು, ಸೀಗೆಪುಡಿ, ಇಲ್ಲಾ ಅಂಟುವಾಳದ ನೊರೆ, ದಾಸವಾಳದ ಸೊಪ್ಪಿನ ಗೊಂಪು. ಎಣ್ಣೆಯ ಜಿಡ್ಡು ಹೋಗೋ ತನಕ ಬಿಡ್ತಿರಲಿಲ್ಲ, ಕಣ್ಣಿಗೆ ಸೀಗೆ ಬಿದ್ದು ಅತ್ತರೂ ಬಿಡ್ತಿರಲಿಲ್ಲ. ದೀಪಾವಳಿಗೆ ನೀರು ತುಂಬೋ ಹಬ್ಬ ಅಂತ ಹಂಡೆಗೆ ಹಿಂಡ್ಲೆ ಬಳ್ಳಿ ಸುತ್ತುತ್ತಿದ್ದದ್ದೂ ಈ ಸ್ನಾನಕ್ಕೇ. ಸೀಗೆ, ಅಂಟುವಾಳ ಎರಡರಲ್ಲೂ ಸಪೋನಿನ್ ಅನ್ನೋ ನೊರೆ ಪದಾರ್ಥ ಇದೆ. ಅದು ಜಿಡ್ಡನ್ನ ಹಿಡಿದು ನೀರಿನ ಜೊತೆ ಎಳೆದು ಹಾಕುತ್ತೆ. ಅಂದ್ರೆ ಎಣ್ಣೆ ಸ್ನಾನದಲ್ಲಿ ಎಣ್ಣೆ ಅರ್ಧ ಕೆಲಸ, ತೊಳೆಯೋದು ಇನ್ನರ್ಧ.

ಆಮೇಲೆ ಸೋಪು ಬಂತು. 1914ರಲ್ಲಿ ಮಹಾಯುದ್ಧ ಶುರುವಾಗಿ ನಮ್ಮ ಗಂಧ ಯುರೋಪಿಗೆ ಹೋಗೋದು ನಿಂತಾಗ ಮೈಸೂರು ಸಂಸ್ಥಾನ ಗಂಧದೆಣ್ಣೆಯನ್ನ ಇಲ್ಲೇ ತೆಗೆಯೋಕೆ ಶುರು ಮಾಡಿತು. 1918ರ ಹೊತ್ತಿಗೆ ಬೆಂಗಳೂರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಆಯ್ತು, 1944ರಲ್ಲಿ ನಮ್ಮ ಶಿವಮೊಗ್ಗದಲ್ಲೂ ಗಂಧದೆಣ್ಣೆ ಕಾರ್ಖಾನೆ ಬಂತು. ಮೈಗೆ ಹಚ್ಚೋ ಸೋಪನ್ನೇ ತಲೆಗೂ ಹಚ್ಚಿದ್ವಿ. ಬೋರಿನ ಗಡಸು ನೀರಲ್ಲಿ ಸೋಪು ಹಾಕಿದ್ರೆ ಬಿಳಿ ಕಿಟ್ಟ ಕಟ್ಟಿ ಕೂದಲಿಗೆ ಅಂಟುತ್ತೆ. ಬಕೆಟ್ಟಿನ ಅಂಚಲ್ಲಿ ನೋಡ್ತೀರಲ್ಲ, ಅದೇ. 1980ರ ದಶಕದಲ್ಲಿ ಶಾಂಪೂ ಸ್ಯಾಶೆ ಹಳ್ಳಿ ಅಂಗಡಿಗೂ ಬಂತು. ಸೀಗೆ ಕುಟ್ಟೋದು ನಿಂತಿತು. ಎಣ್ಣೆ ಮಾತ್ರ ಉಳಿಯಿತು, ಅದೂ ದಿನಾ ಹಚ್ಚಿ ಹಾಗೇ ಬಿಡೋ ಅಭ್ಯಾಸವಾಗಿ.

ಇಲ್ಲೇ ಇರೋದು ತೊಂದರೆ. 1874ರಲ್ಲಿ ಫ್ರಾನ್ಸಿನ ಮಲಸೇಜ್ ಅನ್ನೋರು ತಲೆಹೊಟ್ಟಿನಲ್ಲಿ ಒಂದು ಯೀಸ್ಟ್ ಗುರುತಿಸಿದ್ರು. ಈಗ ಅದಕ್ಕೆ ಅವರದ್ದೇ ಹೆಸರು, ಮಲಸೇಜಿಯಾ. ಅದು ಎಲ್ಲರ ತಲೆಯಲ್ಲೂ ಇರುತ್ತೆ, ಜಿಡ್ಡು ತಿಂದು ಬದುಕುತ್ತೆ. ಕೆಲವರ ಚರ್ಮಕ್ಕೆ ಅದರ ಕಾಟ ಹಿಡಿಸಲ್ಲ, ಹೊಟ್ಟು ಏಳುತ್ತೆ. ರಾತ್ರಿಯೆಲ್ಲಾ ಎಣ್ಣೆ ಹಚ್ಚಿ ನಾನು ಅದಕ್ಕೆ ಮೇವು ಹಾಕ್ತಿದ್ದೆ.

ಇನ್ನು ನನ್ನ ಬೋರ್ಡೋ ಪುರಾಣ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗ ಅಭ್ಯಾಸ ಮಾಡಿ ಬೋರ್ಡೋ ಹೊಡೆಯೋದನ್ನ ತೋರಿಸಿಕೊಟ್ರು. ಅದು ಅಡಿಕೆ ಗೊನೆಗೆ, ನಮ್ಮ ಚರ್ಮಕ್ಕಲ್ಲ. ಭದ್ರಾವತಿಯದ್ದೂ ಇಂಥದ್ದೇ ಕಥೆ. ಅದು ಬೆಂಕಿಪುರ ಆಗಿದ್ದ ಕಾಲಕ್ಕೆ, 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಸಿದಾಗ, ಕಾಡಿನ ಮರ ಭಟ್ಟಿಗೆ ಹಾಕಿ ಇದ್ದಲು ಮಾಡ್ತಿದ್ರು. ಅದರ ಜೊತೆ ಮರದ ಟಾರೂ ಇಳೀತಿತ್ತು. ಟಾರು ಹಳೇ ಕಾಲದಿಂದ ಚರ್ಮದ ಔಷಧಿ. ಇವತ್ತಿಗೂ ಕಲ್ಲಿದ್ದಲ ಟಾರಿನ ಶಾಂಪೂ ಡಾಕ್ಟರು ಬರೆದುಕೊಡ್ತಾರೆ. ಹಾಗಂತ ರೋಡಿನ ಡ್ರಮ್ಮಿಂದ ಹಚ್ಚಿಕೊಳ್ಳೋಕಾಗುತ್ತಾ? ಪದಾರ್ಥ ಒಂದೇ ಜಾತಿ ಇರಬಹುದು, ಅಳತೆ, ಶುದ್ಧಿ ಬೇರೆ.

ಈಗ ಮನೇಲಿ ಮಾಡೋ ವಿಷಯಕ್ಕೆ ಬರ್ತೀನಿ. ಮೊದಲು ಯಾವುದು ಅಂತ ನೋಡಿ. ಹೊಟ್ಟು ಸಣ್ಣ ಪುಡಿ, ಕೈಕಾಲೂ ಒಡೆದಿದೆ, ಚಳಿಗೆ ಜಾಸ್ತಿ ಅಂದ್ರೆ ಅದು ಬರೀ ಒಣಕಲು. ಅದಕ್ಕೆ ಅಜ್ಜಿ ಕ್ರಮವೇ ಸಾಕು: ಗಂಟೆ ಮುಂಚೆ ಎಣ್ಣೆ, ಉಗುರು ಬೆಚ್ಚಗಿನ ನೀರು, ಮೆದು ಶಾಂಪೂ ಅಥವಾ ಸೀಗೆ, ದಿನಾ ಬೇಡ. ಹೊಟ್ಟು ದಪ್ಪ, ಜಿಡ್ಡು, ಹಳದಿ, ಕೆರೆತ, ಹುಬ್ಬು ಮೂಗಿನ ಪಕ್ಕದಲ್ಲೂ ಇದೆ ಅಂದ್ರೆ ಅದು ಯೀಸ್ಟಿನ ಕೆಲಸ. ಎಣ್ಣೆ ನಿಲ್ಲಿಸಿ. ನನಗೆ ಗಾಯ ಒಣಗಿದ ಮೇಲೆ ಕೊಟ್ಟಿದ್ದು 2% ಕೀಟೊಕೊನಜೋಲ್ ಶಾಂಪೂ. ವಾರಕ್ಕೆ ಎರಡು ಸಲ, ನೊರೆ ಮಾಡಿ ಐದು ನಿಮಿಷ ಬಿಟ್ಟು ತೊಳೆಯೋದು, ನಾಲ್ಕು ವಾರ. ಹಚ್ಚಿದ ತಕ್ಷಣ ತೊಳೆದರೆ, ಔಷಧಿ ಹೊಡೆದ ಕೂಡಲೇ ಮಳೆ ಬಂದ ಹಾಗೆ, ದಂಡ. ಈಗ ಎರಡು ವಾರಕ್ಕೊಂದು ಸಲ ಹಾಕ್ತೀನಿ, ಯಾಕಂದ್ರೆ ಇದು ಬೇರು ಸಮೇತ ಹೋಗೋದಲ್ಲ, ಹತೋಟೀಲಿ ಇಡೋದು.

ನಾಲ್ಕು ವಾರದಲ್ಲಿ ಇಳೀದಿದ್ರೆ, ನೀರಾಡಿದ್ರೆ, ಬೆಳ್ಳಗೆ ದಪ್ಪ ಪದರ ಹಣೆ ದಾಟಿ ಬಂದ್ರೆ, ಮಕ್ಕಳ ತಲೇಲಿ ದುಂಡಗೆ ಕೂದಲು ಉದುರಿದ್ರೆ ಮನೆಮದ್ದು ಬೇಡ, ಡಾಕ್ಟರ ಹತ್ರ ಹೋಗಿ. ಮಕ್ಕಳದ್ದು ಹುಳುಕಡ್ಡಿ ಆಗಿದ್ರೆ ಒಬ್ಬರಿಂದ ಒಬ್ಬರಿಗೆ ಹರಡುತ್ತೆ, ಬಾಚಣಿಗೆ ಬೇರೆ ಮಾಡಿ.

ಈ ವರ್ಷ ಇನ್ನೊಂದು ಮದುವೆ ಇದೆ. ಮಗಳು ಆಗಲೇ ಹೆಗಲು ನೋಡಿ "ಪರವಾಗಿಲ್ಲ ಅಪ್ಪಾ" ಅಂದಳು. ಬೋರ್ಡೋ ಮಾತ್ರ ತೋಟದಲ್ಲೇ ಇರಲಿ.