ನಡುಗಡಲಲ್ಲಿ ಹಡಗಿನಿಂದ ಹಡಗಿಗೆ ತೈಲ: ಕೆಲಸ ಹೇಗೆ ನಡೆಯುತ್ತದೆ, ಅಪಾಯ ಎಲ್ಲಿದೆ?

ಗೇಟ್‌ವೇಯಿಂದ ಎಲಿಫೆಂಟಾ ದೋಣಿ ಹತ್ತಿದವರು ಈ ದೃಶ್ಯವನ್ನು ನೋಡಿರಬಹುದು. ಲಂಗರು ಹಾಕಿ ನಿಂತ ದೊಡ್ಡ ಹಡಗಿನ ಮಗ್ಗುಲಿಗೆ ಸಣ್ಣ ಬಾರ್ಜ್ ಒಂದು ಬಂದು ನಿಂತಿರುತ್ತದೆ, ನಡುವೆ ಕಪ್ಪು ಹೋಸ್ ಪೈಪ್ ತೂಗುತ್ತಿರುತ್ತದೆ. ಅದು ಹಡಗಿನ ಎಂಜಿನ್‌ಗೆ ಇಂಧನ ತುಂಬಿಸುವ ಕೆಲಸ, ಬಂಕರಿಂಗ್. ಎರಡು ಟ್ಯಾಂಕರ್‌ಗಳು ಕಡಲಲ್ಲಿ ಪಕ್ಕಪಕ್ಕದಲ್ಲಿ ನಿಂತು ಸಾವಿರಾರು ಟನ್ ಸರಕನ್ನೇ ಒಂದರಿಂದ ಇನ್ನೊಂದಕ್ಕೆ ಪಂಪ್ ಮಾಡಿದರೆ ಅದು ಬೇರೆಯೇ ಕೆಲಸ. ಅದಕ್ಕೆ ಶಿಪ್-ಟು-ಶಿಪ್ ಟ್ರಾನ್ಸ್‌ಫರ್ ಅಥವಾ ಚಿಕ್ಕದಾಗಿ ಎಸ್‌ಟಿಎಸ್ ಎಂದು ಹೆಸರು.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಓದುಗರಿಗೆ ಇದು ದೂರದ ವಿಷಯವಲ್ಲ. ಬೇಲಾಪುರ, ನೆರೂಳ್ ಸುತ್ತ ಹಡಗು ಸಿಬ್ಬಂದಿ ನೇಮಕದ ಕಚೇರಿಗಳೂ ತರಬೇತಿ ಸಂಸ್ಥೆಗಳೂ ಇವೆ. 1993ರಲ್ಲಿ ತರಬೇತಿ ಹಡಗು ರಾಜೇಂದ್ರದ ಉತ್ತರಾಧಿಕಾರಿಯಾಗಿ ಶುರುವಾದ ಟಿ.ಎಸ್. ಚಾಣಕ್ಯ ಇರುವುದು ನೆರೂಳ್ ಪಕ್ಕದ ಕರಾವೆಯಲ್ಲಿ. ಇಲ್ಲಿಂದ ಟ್ಯಾಂಕರ್ ಹತ್ತುವ ಹುಡುಗರಿಗೆ ಇದು ನಿತ್ಯದ ಕೆಲಸ. ಇನ್ನು ಮುಂಬಯಿ ಬಂದರಿನ ನೀರು ಭರತದ ಜೊತೆ ನೇರವಾಗಿ ಥಾಣೆ ಖಾಡಿಯೊಳಕ್ಕೇ ನುಗ್ಗುತ್ತದೆ.

ಯಾಕೆ ಬೇಕು?

ಮುಖ್ಯ ಕಾರಣ ನೀರಿನ ಆಳ. 3 ಲಕ್ಷ ಟನ್ ಕಚ್ಚಾ ತೈಲ ಹೊತ್ತ ಅತಿ ದೊಡ್ಡ ಟ್ಯಾಂಕರ್‌ನ ತಳ ನೀರಿನೊಳಗೆ 20 ಮೀಟರ್‌ಗಿಂತ ಕೆಳಗಿರುತ್ತದೆ. ಅಷ್ಟು ಆಳವಿರುವ ಬಂದರುಗಳು ಕಡಿಮೆ. ಹಾಗಾಗಿ ತಾಯಿ ಹಡಗು ಹೊರಗೆ ಆಳದ ನೀರಿನಲ್ಲಿ ನಿಲ್ಲುತ್ತದೆ, ಮಗಳು ಹಡಗು ಬಂದು ಸರಕಿನ ಒಂದು ಭಾಗ ಇಳಿಸಿಕೊಳ್ಳುತ್ತದೆ. ತಾಯಿ, ಮಗಳು ಎನ್ನುವುದು ನಾವಿಕರೇ ಬಳಸುವ ಮಾತು.

ನಮ್ಮಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಪೂರ್ವ ಕರಾವಳಿಯದು. ಹಲ್ದಿಯಾಕ್ಕೆ ಹೋಗುವ ಹೂಗ್ಲಿ ನದಿಯಲ್ಲಿ ಆಳ ಸಾಲದು. 2021ರ ಅಕ್ಟೋಬರ್‌ನಲ್ಲಿ ಬಿಪಿಸಿಎಲ್‌ಗೆ ಬಂದ ಎಲ್‌ಪಿಜಿ ಹಡಗೊಂದು ನದೀಮುಖದಾಚೆಯ ಸ್ಯಾಂಡ್‌ಹೆಡ್ಸ್ ಬಳಿ ನಿಂತು, ಸುಮಾರು 23 ಸಾವಿರ ಟನ್ ಅನಿಲವನ್ನು ಇನ್ನೊಂದು ಹಡಗಿಗೆ ದಾಟಿಸಿತು. ಹಿಡಿದ ಸಮಯ ಸುಮಾರು 17 ಗಂಟೆ.

ಹತ್ತಿರ ಬರುವುದೇ ಮೊದಲ ಪರೀಕ್ಷೆ

ಪಂಪ್ ಓಡುತ್ತಿರುವಾಗಲೇ ಹೆಚ್ಚು ಅಪಾಯ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಅನುಭವಿ ಕ್ಯಾಪ್ಟನ್‌ಗಳಿಗೆ ಹೆಚ್ಚು ಚಿಂತೆ ಹಡಗುಗಳು ಕೂಡುವ ಮತ್ತು ಬಿಡುವ ಹೊತ್ತಿನದು.

ಸಾಮಾನ್ಯ ಕ್ರಮ ಹೀಗಿದೆ. ದೊಡ್ಡ ಹಡಗು ಒಂದೇ ದಿಕ್ಕು ಹಿಡಿದು ನಿಧಾನ ವೇಗದಲ್ಲಿ, ಹೆಚ್ಚೆಂದರೆ ಸುಮಾರು 5 ನಾಟ್‌ನಲ್ಲಿ ಸಾಗುತ್ತದೆ. ಚಿಕ್ಕ ಹಡಗು ಅದರ ಬಲ ಮಗ್ಗುಲಿಗೆ ತನ್ನ ಎಡ ಮಗ್ಗುಲನ್ನು ಸಮಾನಾಂತರವಾಗಿ ತರುತ್ತದೆ. ದೊಡ್ಡದು ಲಂಗರು ಹಾಕಿ ನಿಂತಿರುವಾಗಲೂ ಪಕ್ಕಕ್ಕೆ ಬರಬಹುದು, ಆದರೆ ಆಗ ಅದು ಲಂಗರಿನ ಸುತ್ತ ತೂಗಾಡುತ್ತಿರುತ್ತದೆ. ಎರಡೂ ಹಡಗುಗಳು ಚಲಿಸುತ್ತಿರುವಾಗ ನಡುವಿನ ಇಕ್ಕಟ್ಟಿನಲ್ಲಿ ನೀರು ವೇಗವಾಗಿ ಹರಿದು ಒತ್ತಡ ಇಳಿಯುತ್ತದೆ, ಹಡಗುಗಳು ಒಂದನ್ನೊಂದು ಸೆಳೆಯುತ್ತವೆ. ಪನ್ವೇಲ್ ಹೆದ್ದಾರಿಯಲ್ಲಿ ದೊಡ್ಡ ಟ್ರೇಲರ್ ಪಕ್ಕದಲ್ಲಿ ಸ್ಕೂಟರ್ ಓಡಿಸಿದವರಿಗೆ ಈ ಸೆಳೆತದ ಅಂದಾಜು ಇರುತ್ತದೆ. ವ್ಯತ್ಯಾಸವೆಂದರೆ ಹಡಗಿಗೆ ಬ್ರೇಕ್ ಇಲ್ಲ.

ಉಕ್ಕಿಗೆ ಉಕ್ಕು ತಾಗದಂತೆ ನಡುವೆ ಗಾಳಿ ತುಂಬಿದ ಭಾರಿ ರಬ್ಬರ್ ಫೆಂಡರ್‌ಗಳನ್ನು ಇಳಿಬಿಡುತ್ತಾರೆ. ಜಪಾನಿನ ಯೊಕೊಹಾಮಾ ರಬ್ಬರ್ ಕಂಪನಿ 1958ರಲ್ಲಿ ರೂಪಿಸಿದ ಮಾದರಿ ಇದು, ಈಗಲೂ ಯಾರ ತಯಾರಿಕೆಯಾದರೂ ‘ಯೊಕೊಹಾಮಾ’ ಎಂದೇ ಕರೆಯುತ್ತಾರೆ. ದೊಡ್ಡ ಟ್ಯಾಂಕರ್‌ಗೆ 3.3 ಮೀಟರ್ ದಪ್ಪ, 6.5 ಮೀಟರ್ ಉದ್ದದ ಫೆಂಡರ್ ಸಾಮಾನ್ಯ. ಹಡಗಿನ ಉದ್ದಕ್ಕೆ ನಾಲ್ಕಾದರೂ ಬೇಕು. ಹಡಗು ಓರೆಯಾಗಿ ಬಂದರೆಂದು ಮುಂದೆ, ಹಿಂದೆ ಮೇಲ್ಮಟ್ಟದಲ್ಲಿ ಸಣ್ಣವನ್ನೂ ಕಟ್ಟುತ್ತಾರೆ.

ಆಮೇಲೆ ಹಗ್ಗಗಳ ಸರದಿ. ಸರಕು ಇಳಿಸುವ ಹಡಗು ಗಂಟೆ ಗಂಟೆಗೂ ಮೇಲೇಳುತ್ತದೆ, ತುಂಬಿಕೊಳ್ಳುವುದು ಕುಸಿಯುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಹಗ್ಗ ಮಧ್ಯಾಹ್ನಕ್ಕೆ ತಂತಿಯಂತೆ ಬಿಗಿದಿರುತ್ತದೆ, ಇಲ್ಲವೇ ಸಡಿಲಾಗಿ ಜೋತು ಬಿದ್ದಿರುತ್ತದೆ. ಬಿಗಿದ ಹಗ್ಗ ತುಂಡಾದರೆ ಅದರ ತುದಿ ಚಾಟಿಯಂತೆ ಬೀಸಿ ಕಾಲು ಮುರಿಯಬಹುದು, ಜೀವವನ್ನೂ ತೆಗೆಯಬಹುದು. ಅದಕ್ಕೇ ಹಗ್ಗಗಳನ್ನು ನೋಡುತ್ತಿರಲೆಂದೇ ಆಳುಗಳನ್ನು ನಿಲ್ಲಿಸುತ್ತಾರೆ. ತುರ್ತಿನಲ್ಲಿ ಕಡಿದು ಬಿಡಲು ಪಕ್ಕದಲ್ಲೇ ಕೊಡಲಿ ಇಡುವ ಪದ್ಧತಿ ಈ ಕಂಪ್ಯೂಟರ್ ಕಾಲದಲ್ಲೂ ಉಳಿದಿದೆ.

ಹೋಸ್, ಕಿಡಿ, ಗಾಳಿ

ಎರಡು ಹಡಗುಗಳ ನಡುವೆ ವಿದ್ಯುತ್ ಮಟ್ಟದ ವ್ಯತ್ಯಾಸ ಇರಬಹುದು. ಹೋಸ್ ಜೋಡಿಸುವ ಅಥವಾ ಬಿಚ್ಚುವ ಕ್ಷಣದಲ್ಲಿ ಅಲ್ಲೇ ಕಿಡಿ ಹಾರಬಹುದು. ಮೊದಲೆಲ್ಲಾ ಎರಡೂ ಹಡಗುಗಳನ್ನು ತಂತಿಯಿಂದ ಜೋಡಿಸಿದರೆ ಸಾಕು ಎಂಬ ನಂಬಿಕೆಯಿತ್ತು. ಈಗಿನ ಸಲಹೆ ಇದಕ್ಕೆ ವಿರುದ್ಧ: ತಂತಿ ಬೇಡ, ಬದಲಿಗೆ ಹೋಸ್ ಸಾಲಿನಲ್ಲಿ ವಿದ್ಯುತ್ ಹರಿಯದ ಒಂದು ತುಂಡು ಅಥವಾ ಇನ್ಸುಲೇಟಿಂಗ್ ಫ್ಲ್ಯಾಂಜ್ ಹಾಕಿ ದಾರಿಯನ್ನೇ ಮುರಿಯಿರಿ.

ಪಂಪ್ ಕೂಡಾ ಒಮ್ಮೆಲೇ ಪೂರ್ತಿ ವೇಗದಲ್ಲಿ ಓಡುವುದಿಲ್ಲ. ನಿಧಾನವಾಗಿ ಶುರು ಮಾಡಿ ಸೋರಿಕೆ ಇದೆಯೇ, ಸರಕು ಸರಿಯಾದ ಟ್ಯಾಂಕಿಗೇ ಹೋಗುತ್ತಿದೆಯೇ ಎಂದು ನೋಡುತ್ತಾರೆ. ಸ್ಥಿರ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಡೀಸೆಲ್, ಸೀಮೆಎಣ್ಣೆಯಂಥ ಸರಕಾದರೆ, ಟ್ಯಾಂಕಿನೊಳಗಿನ ಪೈಪಿನ ಬಾಯಿ ಮುಳುಗುವವರೆಗೆ ಹರಿವು ಸೆಕೆಂಡಿಗೆ 1 ಮೀಟರ್ ಮೀರಬಾರದು. ಕಚ್ಚಾ ತೈಲದ ಟ್ಯಾಂಕಿನೊಳಗೆ ಜಡ ಅನಿಲ ತುಂಬಿ ಆಮ್ಲಜನಕವನ್ನು ಶೇ 8ಕ್ಕಿಂತ ಕೆಳಗೆ ಇಡುತ್ತಾರೆ. ಆಗ ಕಿಡಿ ಬಿದ್ದರೂ ಒಳಗಿನ ಆವಿಗೆ ಬೆಂಕಿ ಹಿಡಿಯದು.

ಸಿಡಿಲು ಕಾಣಿಸಿಕೊಂಡರೆ ಕೆಲಸ ನಿಲ್ಲಿಸಬೇಕು. ಗಾಳಿಯೇ ಇಲ್ಲದ ದಿನವೂ ಒಳ್ಳೆಯದಲ್ಲ, ಏಕೆಂದರೆ ಹೊರಬಂದ ಆವಿ ಚದುರದೆ ಎರಡು ಹಡಗುಗಳ ನಡುವೆಯೇ ಕೂರುತ್ತದೆ. ಕೆಲವು ಕಚ್ಚಾ ತೈಲಗಳಲ್ಲಿ ಇರುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ಪ್ರಮಾಣ ಹೆಚ್ಚಾದರೆ ಮೂಗು ಸೋಲುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ. ‘ವಾಸನೆ ಹೋಯಿತು, ಅಪಾಯವೂ ಹೋಯಿತು’ ಎಂದುಕೊಂಡವರು ಉಳಿದಿಲ್ಲ.

ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ತೆರೆದ ಕಡಲು ಈ ಕೆಲಸಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಎದ್ದು ಕಾಣುವ ಬಿಳಿ ಅಲೆಗಿಂತ, ದೂರದಿಂದ ಉರುಳಿ ಬರುವ ಉದ್ದನೆಯ ತಗ್ಗು ಅಲೆ, ನಾವಿಕರು ಸ್ವೆಲ್ ಎನ್ನುವುದು, ಹೆಚ್ಚು ಮೋಸಗಾರ. ಎರಡು ಹಡಗುಗಳು ಬೇರೆ ಬೇರೆ ತಾಳದಲ್ಲಿ ಹೊರಳಲು ಶುರು ಮಾಡಿದರೆ ಹಗ್ಗವೂ ಹೋಸೂ ತಡೆಯವು.

ನಿಯಮ ಏನು ಹೇಳುತ್ತದೆ?

ಕಡಲ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ ಮಾರ್ಪೋಲ್‌ಗೆ ಎಸ್‌ಟಿಎಸ್ ಕುರಿತ ಪ್ರತ್ಯೇಕ ಅಧ್ಯಾಯ ಸೇರಿ 2011ರ ಜನವರಿ 1ರಿಂದ ಜಾರಿಗೆ ಬಂತು. 150 ಟನ್ ಗ್ರಾಸ್ ಟನೇಜ್ ಮತ್ತು ಮೇಲಿನ ತೈಲ ಟ್ಯಾಂಕರ್‌ಗಳಿಗೆ ಇದು ಅನ್ವಯ. ಹಡಗಿನಲ್ಲಿ ಅನುಮೋದಿತ ಎಸ್‌ಟಿಎಸ್ ಯೋಜನೆ ಇರಬೇಕು. ಒಂದು ದೇಶದ ಕರಾವಳಿ ನೀರು ಅಥವಾ 200 ನಾಟಿಕಲ್ ಮೈಲಿನ ಆರ್ಥಿಕ ವಲಯದೊಳಗೆ ಕೆಲಸ ಮಾಡುವುದಾದರೆ ಕನಿಷ್ಠ 48 ಗಂಟೆ ಮುಂಚೆ ಆ ದೇಶಕ್ಕೆ ತಿಳಿಸಬೇಕು. ದಾಖಲೆಗಳನ್ನು ಮೂರು ವರ್ಷ ಕಾಯ್ದಿಡಬೇಕು. ಎಂಜಿನ್ ಇಂಧನ ತುಂಬಿಸುವ ಬಂಕರಿಂಗ್ ಈ ಅಧ್ಯಾಯದೊಳಗೆ ಬರುವುದಿಲ್ಲ.

ಇಡೀ ಕೆಲಸಕ್ಕೆ ಸಲಹೆಗಾರನಾಗಿ ಅರ್ಹ ವ್ಯಕ್ತಿಯೊಬ್ಬ ಇರಬೇಕು. ಆದರೂ ಎರಡೂ ಹಡಗುಗಳ ಕ್ಯಾಪ್ಟನ್‌ಗಳ ಹೊಣೆ ಅವರವರಿಗೇ ಇರುತ್ತದೆ. ಇಬ್ಬರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಎನ್ನಬಹುದು. ಕಾಗದದಲ್ಲಿರುವ ಎಲ್ಲ ನಿಯಮಗಳಿಗಿಂತ ಈ ಅಧಿಕಾರ ದೊಡ್ಡದು. ಹಗ್ಗದ ಬಳಿ ನಿಂತ ಹೊಸ ಹುಡುಗನ ಕೂಗಿಗೂ ಪಂಪ್ ನಿಲ್ಲುವ ಹಡಗು ಒಳ್ಳೆಯ ಹಡಗು.

ಭಾರತದ ನೀರಿನಲ್ಲಿ ತೈಲ ಚೆಲ್ಲಿದರೆ ಸಮನ್ವಯದ ಹೊಣೆ ಕೋಸ್ಟ್ ಗಾರ್ಡ್‌ನದು.

ತಪ್ಪಿದಾಗ

2019ರ ಜನವರಿ 21ರಂದು ಕಪ್ಪು ಸಮುದ್ರದ ಕೆರ್ಚ್ ಜಲಸಂಧಿ ಬಳಿ ‘ಕ್ಯಾಂಡಿ’ ಮತ್ತು ‘ಮೇಸ್ಟ್ರೋ’ ಎಂಬ ಎರಡು ಅನಿಲ ಟ್ಯಾಂಕರ್‌ಗಳಿಗೆ ವರ್ಗಾವಣೆಯ ವೇಳೆ ಬೆಂಕಿ ಹತ್ತಿತು. ಎರಡರಲ್ಲೂ ಸೇರಿ ಇದ್ದ 32 ಮಂದಿಯಲ್ಲಿ 15 ಮಂದಿ ಭಾರತೀಯರು. ಉಳಿದವರು ಬಹುತೇಕ ಟರ್ಕಿಯವರು. ಬೆಂಕಿಯಿಂದ ತಪ್ಪಿಸಿಕೊಳ್ಳಲು ಚಳಿಗಾಲದ ಕಡಲಿಗೆ ಹಾರಿದವರೂ ಇದ್ದರು. ಕನಿಷ್ಠ 10 ಜನ ಸತ್ತರು.

ನಮ್ಮ ಖಾಡಿಯ ನೆನಪು ಬೇರೆ ಬಗೆಯದು. 2010ರ ಆಗಸ್ಟ್ 7ರಂದು ಜವಾಹರಲಾಲ್ ನೆಹರೂ ಬಂದರಿನಿಂದ ಹೊರಟ ‘ಎಂಎಸ್‌ಸಿ ಚಿತ್ರಾ’ ಮತ್ತು ಒಳಬರುತ್ತಿದ್ದ ‘ಖಲೀಜಿಯಾ-3’ ಡಿಕ್ಕಿಯಾದವು. ಅದು ಎಸ್‌ಟಿಎಸ್ ಅಲ್ಲ, ಚಿತ್ರಾ ಟ್ಯಾಂಕರ್ ಕೂಡಾ ಅಲ್ಲ, ಕಂಟೇನರ್ ಹಡಗು. ಚೆಲ್ಲಿದ್ದು ಅದರ ಎಂಜಿನ್ ತೈಲ, ಸುಮಾರು 800 ಟನ್. ಅಷ್ಟೇ ಸಾಕಾಯಿತು. ನವಿ ಮುಂಬಯಿ, ಉರಣ್ ಕಡೆಯ ಕಾಂಡ್ಲಾ ಕಾಡಿನ ಬೇರುಗಳಿಗೆ ಡಾಂಬರಿನಂತೆ ಎಣ್ಣೆ ಮೆತ್ತಿತು, ಮೀನುಗಾರಿಕೆ ನಿಂತಿತು, ಎರಡೂ ಬಂದರುಗಳ ಹಡಗು ಸಂಚಾರ ದಿನಗಟ್ಟಲೆ ಸ್ಥಗಿತವಾಯಿತು. ಮರಳ ಮೇಲಿನ ಎಣ್ಣೆಯನ್ನು ಬಾಚಬಹುದು, ಕೆಸರಿನಲ್ಲಿ ಇಳಿದ ಎಣ್ಣೆಯನ್ನು ತೆಗೆಯುವುದು ಬಹಳ ಕಷ್ಟ. ಥಾಣೆ ಖಾಡಿಯ ಫ್ಲೆಮಿಂಗೊ ಧಾಮ 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿದೆ.

ಕೆಲಸಕ್ಕೆ ಹೋಗುವವರು ಗಮನಿಸಬೇಕಾದ್ದು

ಈಚಿನ ವರ್ಷಗಳಲ್ಲಿ ಆತಂಕ ತಂದಿರುವುದು ‘ಡಾರ್ಕ್ ಫ್ಲೀಟ್’. ಹಳೆಯ ಟ್ಯಾಂಕರ್‌ಗಳು, ಸರಿಯಾದ ವಿಮೆ ಇಲ್ಲ, ಇರುವ ಜಾಗ ತೋರಿಸುವ ಎಐಎಸ್ ಉಪಕರಣ ಬಂದ್. ಇಂಥವು ನಡುಗಡಲಲ್ಲಿ ಯಾರಿಗೂ ತಿಳಿಸದೆ ಸರಕು ಬದಲಾಯಿಸುತ್ತವೆ. ಇದರ ವಿರುದ್ಧ ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ನಿರ್ಣಯ ಅಂಗೀಕರಿಸಿತು. ಅವಘಡವಾದರೆ ಇಂಥ ಹಡಗಿನ ಮಾಲೀಕನನ್ನು ಹುಡುಕುವುದೇ ಕಷ್ಟ. ಪರಿಹಾರ ಸಿಗುವುದು ಇನ್ನೂ ದೂರದ ಮಾತು.

ಆದ್ದರಿಂದ ಕಾಗದಕ್ಕೆ ಸಹಿ ಹಾಕುವ ಮುನ್ನ ಕೆಲವನ್ನು ಕೇಳಿ ತಿಳಿದುಕೊಳ್ಳಿ. ಏಜೆಂಟ್‌ಗೆ ಡಿಜಿ ಶಿಪ್ಪಿಂಗ್ ಕೊಟ್ಟ ಆರ್‌ಪಿಎಸ್‌ಎಲ್ ಪರವಾನಗಿ ಇದೆಯೇ, ಹಡಗಿನ ಐಎಂಒ ಸಂಖ್ಯೆ ಏನು, ಯಾವ ದೇಶದ ಬಾವುಟ, ವಿಮೆ ಯಾರದು. ಐಎಂಒ ಸಂಖ್ಯೆ ಏಳು ಅಂಕಿಗಳದ್ದು, ಹಡಗಿನ ಹೆಸರು ಬದಲಾದರೂ ಅದು ಬದಲಾಗುವುದಿಲ್ಲ. ಆ ಸಂಖ್ಯೆಯನ್ನು ಬರೆದು ಮನೆಯವರ ಕೈಗೂ ಕೊಟ್ಟು ಹೋಗಿ.