ಪೆರಿಯಾರಿನ ಮರದ ಮೋಟುಗಳು

ಕೇರಳದ ತೇಕ್ಕಡಿಯಲ್ಲಿ ದೋಣಿಯೇರಿ ಎಡಪ್ಪಾಳಯಂ ವಸತಿಗೃಹಕ್ಕೆ ಸಾಗುವ ನಮಗೆ ಆನೆಗಳಿಗಿಂತ ಮೊದಲು ಕಾಣುವುದು ನೀರಿನಿಂದ ಮೇಲೆದ್ದ ಕರಿಯ ಮರದ ಮೋಟುಗಳು. 1886ರಲ್ಲಿ ತಿರುವಾಂಕೂರು ಸಂಸ್ಥಾನವು ಮದ್ರಾಸ್ ಸರ್ಕಾರಕ್ಕೆ 999 ವರ್ಷಗಳ ಗುತ್ತಿಗೆಗೆ ಕೊಟ್ಟ ಕಣಿವೆಯಿದು. 1895ರಲ್ಲಿ ಜಾನ್ ಪೆನ್ನಿಕ್ವಿಕ್ ಕಟ್ಟಿಸಿದ ಅಣೆಕಟ್ಟು ಮುಗಿದಾಗ, ಪಡುವಣ ಕಡಲಿಗೆ ಹರಿಯುತ್ತಿದ್ದ ಪೆರಿಯಾರಿನ ನೀರು ಸುರಂಗದ ಮೂಲಕ ಮೂಡಣದ ವೈಗೈ ಬಯಲಿಗೆ ತಿರುಗಿತು. ಇತ್ತ ಮಳೆಕಾಡು ನಿಂತಲ್ಲೇ ಮುಳುಗಿತು. ಶತಮಾನ ದಾಟಿದರೂ ಮೋಟುಗಳು ಪೂರ್ತಿ ಕೊಳೆತಿಲ್ಲ. ನೀರುಕಾಗೆಗಳೂ ಹಾವಕ್ಕಿಗಳೂ ಅವುಗಳ ಮೇಲೆ ಕುಳಿತು ರೆಕ್ಕೆ ಒಣಗಿಸುತ್ತವೆ. ಆ ನೀರು ಹರಿಯುವ ಕಂಬಂ ಕಣಿವೆಯಲ್ಲಿ ಮನೆಯೊಳಗೆ ಇಂದಿಗೂ ಕನ್ನಡವಾಡುವ ಕಾಪ್ಪಿಲಿಯ ಒಕ್ಕಲಿಗರಿದ್ದಾರೆ. ಹೊರನಾಡಿಗರಾದ ನಾವು ಇದನ್ನು ಸುಮ್ಮನೆ ದಾಟಿಹೋಗಲಾರೆವು.

ಕೆರೆಯ ಸುತ್ತಲ ಕಾಡು 1934ರಲ್ಲಿ ಮೃಗಧಾಮವಾಯಿತು, 1978ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ವಸತಿಗೃಹ ಹಿಂದೆ ತಿರುವಾಂಕೂರಿನ ಅರಸರ ಬೇಸಗೆಯ ಬಿಡಾರವಾಗಿತ್ತು. ಅರಮನೆಯಲ್ಲಿ ತಂಗಿದೆವೆಂದು ಪ್ರವಾಸಿಗರು ಹಿಗ್ಗುವುದುಂಟು. ನಮ್ಮ ಮಟ್ಟಿಗೆ ಈ ಕಾಡಿನ ನಿಜವಾದ ಹಳಬರು ಮನ್ನಾನ್ ಮತ್ತು ಪಳಿಯನ್ ಜನ. ಕಾಡಿನ ಒಳಗಿದ್ದ ಅವರನ್ನು ಕುಮಳಿಯ ಅಂಚಿಗೆ ಸರಿಸಲಾಯಿತು. ಅರಸರ ಬಿಡಾರ ಮಾತ್ರ ಒಳಗೇ ಉಳಿಯಿತು. ಇಂದು ಅವರಲ್ಲಿ ಅನೇಕರು ಪ್ರವಾಸಿಗರಿಗೆ ಮಾರ್ಗದರ್ಶಿಗಳು. ಒಂದು ಕಾಲಕ್ಕೆ ಕಳ್ಳತನದಿಂದ ಕಾಡುದಾಲ್ಚಿನ್ನಿಯ ತೊಗಟೆ ಸುಲಿಯುತ್ತಿದ್ದ ಕೆಲವರೂ 1990ರ ದಶಕದ ಕೊನೆಯಿಂದ ಈ ಕೆಲಸಕ್ಕೆ ಬಂದರು. ಕಾವಲುಗಾರರ ಕಣ್ಣು ತಪ್ಪಿಸಿ ನಡೆದು ಕಲಿತ ಜಾಡುಗಳಲ್ಲೇ ಅವರೀಗ ನಮ್ಮಂಥವರನ್ನು ಕರೆದೊಯ್ಯುತ್ತಾರೆ, ಕಳ್ಳಬೇಟೆಗಾರರ ಮೇಲೆ ಕಣ್ಣಿಡುತ್ತಾರೆ.