ಮರಕಾನಾದ ಮೌನ

ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ ಮರಕಾನಾ ಎಂಬ ಮಹಾ ಕ್ರೀಡಾಂಗಣವಿದೆ. ಅದು ಮಗ್ಗುಲಲ್ಲಿ ಹರಿಯುವ ಪುಟ್ಟ ಹೊಳೆಯ ಹೆಸರು. ಪತ್ರಕರ್ತ ಮಾರಿಯೊ ಫಿಲ್ಯೊ ಅವರ ಹೆಸರನ್ನು ಸರ್ಕಾರ ಇಟ್ಟಿತಾದರೂ ಜನರ ಬಾಯಲ್ಲಿ ಹೊಳೆಯೇ ಗೆದ್ದಿತು. ಬಡವರು ಪುಡಿಗಾಸು ತೆತ್ತು, ಬಿಸಿಲು ಮಳೆಯೆನ್ನದೆ ನಿಂತು ನೋಡುತ್ತಿದ್ದ ತಗ್ಗಿನ ಅಂಗಳವೊಂದು ಅಲ್ಲಿತ್ತು. 2005ರಲ್ಲಿ ಅದನ್ನು ತೆಗೆದು ಕುರ್ಚಿ ಹಾಕಿದರು. ಗದ್ದಲದ ಅರ್ಧ ಜೀವ ಅಲ್ಲಿಯೇ ಇತ್ತೆಂದು ನನ್ನ ಎಣಿಕೆ.

1950ರ ವಿಶ್ವಕಪ್ಪಿಗೆಂದು 1948ರಲ್ಲಿ ಕೆಲಸ ಹಿಡಿದು, ಎರಡು ವರ್ಷ ತುಂಬುವ ಮೊದಲೇ ಆಟಕ್ಕೆ ತೆರೆದರು. (ಆ ಕೂಟಕ್ಕೆ ಭಾರತಕ್ಕೂ ಪ್ರವೇಶ ದೊರೆತಿತ್ತು, ನಾವು ಹೋಗಲಿಲ್ಲ.) ಜುಲೈ 16ರಂದು ಉರುಗ್ವೆಯೊಡನೆ ಕೊನೆಯ ಪಂದ್ಯ. ಸಮನಾದರೂ ಕಪ್ಪು ಬ್ರೆಜಿಲ್ಲಿನದೇ. ಟಿಕೆಟು ಕೊಂಡು ಬಂದವರೇ 1,73,850 ಮಂದಿ. ವಿರಾಮ ಮುಗಿದೊಡನೆ ಫ್ರಿಯಾಸಾ ಗೋಲು ಹೊಡೆದ. ಇನ್ನೇನು ಬೇಕು? ಆದರೆ ಸ್ಕಿಯಾಫಿನೊ ಅದನ್ನು ಸರಿಗಟ್ಟಿದ. 79ನೆಯ ನಿಮಿಷದಲ್ಲಿ ಗಿಜ್ಜಿಯಾ ಬಲಗಡೆಯಿಂದ ನುಗ್ಗಿ ಬಂದು, ಗೋಲಿ ಬಾರ್ಬೋಸಾನಿಗೂ ಕಂಬಕ್ಕೂ ನಡುವಣ ಕಿಂಡಿಯಲ್ಲಿ ಚೆಂಡನ್ನು ತೂರಿಸಿದ. ಅಷ್ಟು ದೊಡ್ಡ ಜನಸಮುದ್ರ ಒಮ್ಮೆಗೇ ಸದ್ದಡಗಿತು.

ಬ್ರೆಜಿಲ್ ತಂಡ ಅಂದು ತೊಟ್ಟಿದ್ದ ಬಿಳಿಯ ಅಂಗಿಯನ್ನು ಮುಂದೆ ಬಿಟ್ಟು ಹಳದಿಯದನ್ನು ತೊಟ್ಟಿತು. ಬಾರ್ಬೋಸಾ ಏನನ್ನು ಬದಲಿಸಿಕೊಂಡಾನು? ಕರಿಯ ಮೈಬಣ್ಣದವನೆಂಬುದೂ ಅವನ ಅಪರಾಧಕ್ಕೆ ಸೇರಿತು. 2000ದಲ್ಲಿ ತೀರಿಕೊಳ್ಳುವವರೆಗೂ ಆ ಒಂದು ಗೋಲಿನ ನಿಂದೆಯನ್ನು ಹೊತ್ತ. ಆಟ ಬಿಟ್ಟ ಮೇಲೆ ಅವನು ವರ್ಷಗಟ್ಟಲೆ ದುಡಿದದ್ದು ಅದೇ ಮರಕಾನಾದ ಆವರಣದಲ್ಲಿ.